ಹಾರಿಸದ ದಿನಗಳ ಬಂದೂಕು

ಮೇಷ್ಟರಿಗೆ ಬಂದೂಕಿನ ಉಸಾಬರಿ ಏಕೆ ಎಂದು ನೀವು ನಗಬಹುದು. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಬೆಳೆದ ನಿಮಗೆ ಬೆಳೆರಕ್ಷಣೆಯ ಬಂದೂಕು ಅಪರಿಚಿತ ವಸ್ತುವೇನಲ್ಲ. ಮೆಕ್ಕೆಜೋಳದ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲೆಂದು ತಾತ ಪಡೆದ ಬಂದೂಕು, ಹೊಸ ಲೈಸೆನ್ಸಿನೊಡನೆ ಮೊಮ್ಮಗನ ಕೈಗೆ ಬಂದಿರುವ ಮನೆಗಳೂ ಉಂಟು. ಅಡಿಕೆ ತೋಟದ ಅನುಕೂಲಸ್ಥರಲ್ಲಿ ಕೆಲವರು ಆತ್ಮರಕ್ಷಣೆಗೆಂದು ರಿವಾಲ್ವರ್ ಇಟ್ಟುಕೊಂಡಿರುವುದೂ ಉಂಟು. ಬಂದೂಕು ಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ಇಟ್ಟುಕೊಂಡವನ ಹೊಣೆಗಾರಿಕೆಯ ಬಹುಪಾಲು ಅದನ್ನು ಹಾರಿಸದೆ ಇರುವ ದಿನಗಳಲ್ಲಿದೆ ಎಂಬುದಷ್ಟೇ ನನ್ನ ವಾದ.

ಶಾಲೆಯಲ್ಲಿ ಕಲಿತ ರಸಾಯನಶಾಸ್ತ್ರವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಕಪ್ಪು ಮದ್ದಿನಲ್ಲಿ ನೂರಕ್ಕೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಲು, 10 ಪಾಲು ಗಂಧಕ ಇರುತ್ತದೆ. ಉರಿದಾಗ ಇದೆಲ್ಲವೂ ಅನಿಲವಾಗಿ ಹೋಗುವುದಿಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ಪೊಟ್ಯಾಸಿಯಂ ಲವಣಗಳಾಗಿ ಉಳಿಯುತ್ತದೆ. ಹೊಗೆಯೊಡನೆ ಹೋದದ್ದು ಹೋಗಿ, ಮಿಕ್ಕದ್ದು ನಳಿಕೆಯ ಒಳಗೋಡೆಗೆ ಅಂಟಿಕೊಂಡು, ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನತೊಡಗುತ್ತದೆ. ಲವಣವು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗದು. ಆದುದರಿಂದ ಮದ್ದು ತುಂಬುವ ನಾಡಬಂದೂಕಿಗೆ ಮೊದಲು ಬಿಸಿನೀರು, ಅನಂತರ ಒಣಬಟ್ಟೆ, ಕೊನೆಗೆ ಎಣ್ಣೆ ಎಂಬುದೇ ಸರಿಯಾದ ಕ್ರಮ. ತೊಳೆಯದೆ ಎಣ್ಣೆ ಬಳಿಯುವುದು ಸ್ನಾನವಿಲ್ಲದೆ ಅತ್ತರು ಪೂಸಿಕೊಂಡಂತೆ. ಎಣ್ಣೆಯೆಂದು ಕೊಬ್ಬರಿ ಎಣ್ಣೆಯನ್ನು ಹಚ್ಚುವವರಿದ್ದಾರೆ. ಮಾರ್ಗಶಿರದ ಚಳಿಯಲ್ಲಿ ಅದು ಸೀಸೆಯಲ್ಲಿಯೇ ಹೆಪ್ಪುಗಟ್ಟುವುದನ್ನು ನೋಡಿದವರಿಗೆ ಅದು ಏಕೆ ಸಲ್ಲದೆಂದು ಬೇರೆ ಹೇಳಬೇಕಾಗಿಲ್ಲ. ಬಂದೂಕಿಗೆಂದೇ ತಯಾರಾದ ತೆಳುವಾದ ಎಣ್ಣೆ ಸಿಗುತ್ತದೆ.

ರಿವಾಲ್ವರಿನ ವಿಷಯ ಸ್ವಲ್ಪ ಬೇರೆ. ಅದರ ನಳಿಕೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳಿರುತ್ತವೆ. ಅವುಗಳ ಸಂದಿನಲ್ಲಿ ಸೀಸ ಮತ್ತು ತಾಮ್ರದ ಅಂಶ ಕೂರುತ್ತದೆ. ದ್ರಾವಕದಲ್ಲಿ ಅದ್ದಿದ ಕಂಚಿನ ಕುಂಚದಿಂದ ಉಜ್ಜಿ, ಬಟ್ಟೆಯ ತುಣುಕು ಶುಭ್ರವಾಗಿ ಹೊರಬರುವವರೆಗೆ ಒರೆಸಿ, ಕೊನೆಗೆ ತೀರ ತೆಳುವಾಗಿ ಎಣ್ಣೆ ಸವರಬೇಕು. ಕಡ್ಡಿಯನ್ನು ನಳಿಕೆಯ ಬಾಯಿಯಿಂದಲೇ ತೂರಿಸಬೇಕಾದುದರಿಂದ ಅಲ್ಲಿಯ ಅಂಚು ಸವೆಯದಂತೆ ನೋಡಿಕೊಳ್ಳಬೇಕು. ಅಂಚು ಸವೆದರೆ ಗುರಿ ಕೆಡುತ್ತದೆ. ಎಣ್ಣೆ ಧಾರಾಳವಾದರೂ ಕೇಡೇ. ತೋಟಾಗಳ ಮನೆಯಲ್ಲಿ ನಿಂತ ಎಣ್ಣೆ ತೋಟಾದೊಳಗೆ ಜಿನುಗಿ ಅದನ್ನು ನಿಷ್ಪ್ರಯೋಜಕವಾಗಿಸಬಲ್ಲದು. ಕೆಲಸ ಮುಗಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆಯಿರಿ, ಸೀಸ ವಿಷ.

ಇಷ್ಟೆಲ್ಲಕ್ಕೂ ಮೊದಲಿನ ಪಾಠವೊಂದಿದೆ. ‘ಬಂದೂಕು ಒರೆಸುವಾಗ ಗುಂಡು ಹಾರಿ ಸಾವು’ ಎಂಬ ಸುದ್ದಿಯನ್ನು ನೀವೂ ಪತ್ರಿಕೆಗಳಲ್ಲಿ ಓದಿರುತ್ತೀರಿ. ಖಾಲಿ ಇದೆ ಎಂದು ಯಾರೋ ಹೇಳಿದ ಮಾತನ್ನು ನಂಬಬಾರದು. ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ತಿಳಿಯಬೇಕು. ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬರಬೇಕು. ನಾಡಬಂದೂಕಿನಲ್ಲಿ ಮೊದಲು ಕೇಪನ್ನು ತೆಗೆದು, ಮುಖವನ್ನು ಪಕ್ಕಕ್ಕಿಟ್ಟುಕೊಂಡು, ಮದ್ದು ಗಿಡಿಯುವ ಕಡ್ಡಿಯನ್ನು ಒಳಗಿಳಿಸಿ ನೋಡಬೇಕು. ಅದು ತಳ ಮುಟ್ಟದಿದ್ದರೆ ಒಳಗೆ ಮದ್ದು ಇದೆ ಅಥವಾ ಬೇರೇನೋ ಸಿಕ್ಕಿಕೊಂಡಿದೆ ಎಂದರ್ಥ. ಆಗ ಕೈಹಾಕದೆ ಬಲ್ಲವರಿಗೆ ಒಪ್ಪಿಸುವುದೇ ಜಾಣತನ.

ಆಯುಧಪೂಜೆಯಂದು ಕುಡುಗೋಲು, ನೇಗಿಲುಗಳ ಜೊತೆ ಬಂದೂಕನ್ನೂ ತೊಳೆದು ಕುಂಕುಮವಿಡುವುದು ಒಳ್ಳೆಯ ಸಂಪ್ರದಾಯ. ಆದರೆ ವರ್ಷಕ್ಕೊಂದು ಸ್ನಾನ ಸಾಲದು. ಚುನಾವಣೆಯ ವರ್ಷದಲ್ಲಂತೂ ಸಾಲುವುದೇ ಇಲ್ಲ. 2024ರ ಲೋಕಸಭಾ ಚುನಾವಣೆಯನ್ನೇ ನೋಡಿ. ಮಾರ್ಚ್ 16ರಂದು ನೀತಿಸಂಹಿತೆ ಜಾರಿಯಾಯಿತು. ದಾವಣಗೆರೆಯಲ್ಲಿ ಮೇ 7ಕ್ಕೆ ಮತದಾನ, ಜೂನ್ 4ಕ್ಕೆ ಎಣಿಕೆ. ಇಂಥ ಸಂದರ್ಭದಲ್ಲಿ ವಿನಾಯಿತಿ ಪಡೆದವರ ಹೊರತು ಉಳಿದವರು ತಮ್ಮ ಆಯುಧಗಳನ್ನು ಠಾಣೆಯಲ್ಲಿಯೋ ಪರವಾನಗಿ ಪಡೆದ ವ್ಯಾಪಾರಿಯಲ್ಲಿಯೋ ಒಪ್ಪಿಸಬೇಕಾಗುತ್ತದೆ. ಅವು ಮರಳಿ ಕೈಗೆ ಬರುವಾಗ ಮೃಗಶಿರಾ ಮಳೆಯ ತೇವದ ಕಾಲ. ಬಿತ್ತನೆಯ ಹಂಗಾಮು, ಹಂದಿಯ ಕಾಟ. ಹೀಗಾಗಿ ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ಬಂದೂಕನ್ನು ಅದೇ ರಾತ್ರಿ ಹೊಲಕ್ಕೆ ಒಯ್ಯುವ ಆತುರ ಹುಟ್ಟುತ್ತದೆ. ತುಕ್ಕಿನ ಹಕ್ಕಳೆಯಾಗಲಿ, ಕೊಳವೆ ಕಂಡಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜದ ಕೆಲಸವಾಗಲಿ ನಳಿಕೆಯನ್ನು ಮುಚ್ಚಿದ್ದರೆ, ಹಾರಿಸಿದಾಗ ನಳಿಕೆಯೇ ಸಿಡಿಯಬಹುದು. ಕಳೆದುಕೊಳ್ಳುವುದು ಬೆರಳುಗಳನ್ನು, ಕಣ್ಣುಗಳನ್ನು.

ಚುನಾವಣೆಯ ಶಾಂತಿಗಾಗಿ ಆಯುಧ ಒಪ್ಪಿಸುವ ಪದ್ಧತಿಗೆ ನನ್ನ ವಿರೋಧವಿಲ್ಲ. ನನ್ನ ಸಲಹೆ ಎರಡೇ. ಒಪ್ಪಿಸುವ ಮುನ್ನ ಮಾಲೀಕನು ನಳಿಕೆಯನ್ನು ಶುಚಿಗೊಳಿಸಿ ಎಣ್ಣೆ ಹಚ್ಚಿರಬೇಕು. ರಸೀದಿಯಲ್ಲಿ ಸಂಖ್ಯೆಯ ಜೊತೆಗೆ ‘ಖಾಲಿ ಇದೆ, ಎಣ್ಣೆ ಹಚ್ಚಿದೆ’ ಎಂಬ ಒಂದು ಸಾಲು ದಾಖಲಾಗಬೇಕು. ಮರಳಿ ಕೊಡುವಾಗ ಇಬ್ಬರೂ ಕೂಡಿ ಅದನ್ನೇ ಮತ್ತೊಮ್ಮೆ ಪರೀಕ್ಷಿಸಬೇಕು. ಇದಕ್ಕೆ ಹಣ ಬೇಡ, ಐದು ನಿಮಿಷ ಸಾಕು. 2016ರ ಆಯುಧ ನಿಯಮಗಳು ಸುರಕ್ಷತಾ ತರಬೇತಿಗೆ ಸ್ಥಾನ ಕೊಟ್ಟಿವೆ, ಸಂತೋಷ. ಆದರೆ ಅದಕ್ಕೂ ಹಿಂದಿನ ಲೈಸೆನ್ಸುದಾರರಾದ ನಮ್ಮ ವಯಸ್ಸಿನ ರೈತರಿಗೆ ಈ ಐದು ನಿಮಿಷವೇ ತರಬೇತಿಯಾದೀತು.

ನಿಮ್ಮಲ್ಲಿ ಕೆಲವರು ಪೊಲೀಸ್ ಇಲಾಖೆಯಲ್ಲಿದ್ದೀರಿ, ಕೆಲವರು ಊರಿನಲ್ಲಿಯೇ ಬೇಸಾಯ ಮಾಡಿಕೊಂಡಿದ್ದೀರಿ. ಮುಂದಿನ ಚುನಾವಣೆಯಲ್ಲಿ ಠಾಣೆಯ ಮೇಜಿನ ಆಚೆ ಒಬ್ಬ, ಈಚೆ ಒಬ್ಬ ನಿಲ್ಲುವ ಸಂದರ್ಭ ಬಂದೇ ಬರುತ್ತದೆ. ಆಗ ಇಬ್ಬರೂ ಒಮ್ಮೆ ನಳಿಕೆಯೊಳಗೆ ಬೆಳಕು ಹಾಯುತ್ತದೆಯೇ ಎಂದು ನೋಡಿ. ಮನೆಯಲ್ಲಿ ಮಕ್ಕಳಿದ್ದರೆ ಬೀಗ ಹಾಕುವುದನ್ನು ಮರೆಯಬೇಡಿ.