ಮರಳಿ ಬಂದ ಹೆಬ್ಬೆಟ್ಟು

ಅಕ್ಷರ ಬಾರದವರನ್ನು ನಮ್ಮ ನಾಡಿನಲ್ಲಿ ಒಂದು ಕಾಲಕ್ಕೆ ‘ಹೆಬ್ಬೆಟ್ಟಿನವರು’ ಎಂದು ಕರೆಯುತ್ತಿದ್ದರು. ಪತ್ರದಲ್ಲಿ ಏನು ಬರೆದಿದೆಯೆಂಬುದನ್ನು ಅರಿಯದೆ, ಬೇರೊಬ್ಬರು ತೋರಿಸಿದ ಕಡೆಯಲ್ಲಿ ಮಸಿ ಹಚ್ಚಿದ ಹೆಬ್ಬೆರಳನ್ನು ಒತ್ತಿ ಬರುವುದಷ್ಟೇ ಅವರ ಪಾಲಿಗೆ ಉಳಿದಿದ್ದ ವ್ಯವಹಾರ. ಹೊಲ ಕೈಬಿಟ್ಟು ಹೋದುದೂ ಸಾಲ ಇಮ್ಮಡಿಸಿದುದೂ ಅನೇಕರಿಗೆ ತಿಳಿಯುತ್ತಿದ್ದುದು ಒತ್ತಿದ ಮೇಲೆಯೇ. ಆ ಅಪಮಾನವನ್ನು ತೊಡೆಯಬೇಕೆಂದೇ ಊರೂರುಗಳಲ್ಲಿ ರಾತ್ರಿಶಾಲೆಗಳು ನಡೆದವು. ೧೯೭೮ರ ಅಕ್ಟೋಬರ್ ೨ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವೂ ೧೯೮೮ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ನೂ ಮೊದಲಾದವು. ಹಗಲೆಲ್ಲ ದುಡಿದು ಬಂದ ಹಿರಿಯರು ಲಾಟೀನಿನ ಬೆಳಕಿನಲ್ಲಿ ಸ್ಲೇಟು ಹಿಡಿದು ತಮ್ಮ ಹೆಸರನ್ನು ತಾವೇ ಬರೆದಾಗ ಅವರ ಮುಖದಲ್ಲಿ ಮೂಡಿದ ಕಳೆಯನ್ನು ಕಂಡವರು ಅಕ್ಷರದ ಮಹಿಮೆಯನ್ನು ಬೇರೆ ಗ್ರಂಥದಿಂದ ಅರಿಯಬೇಕಾಗಿರಲಿಲ್ಲ.

ಆ ಹೆಬ್ಬೆಟ್ಟು ಹೋಯಿತೆಂದು ನಾವು ಸಮಾಧಾನಪಟ್ಟುಕೊಂಡೆವು. ಆದರೆ ಅದು ಮರಳಿ ಬಂದಿದೆ. ಈ ಸಲ ಬಂದಿರುವುದು ಓದು ಬಾರದವರ ಮನೆಗೆ ಮಾತ್ರವಲ್ಲ, ಓದಿದವರ ಮನೆಗೂ ಬಂದಿದೆ. ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಉಪಾಧ್ಯಾಯರು, ಕಚೇರಿಯಲ್ಲಿ ಕಡತಗಳನ್ನು ತಿದ್ದಿದ ಗುಮಾಸ್ತರು, ಮನೆಯ ಲೆಕ್ಕವನ್ನು ಕಾಸು ಕಾಸಿಗೆ ಸರಿದೂಗಿಸಿದ ತಾಯಂದಿರು ಇಂದು ಕೈಯಲ್ಲಿ ಮೊಬೈಲನ್ನು ಹಿಡಿದು, ‘ಇದರಲ್ಲಿ ಏನು ಬಂದಿದೆ ನೋಡಪ್ಪ’ ಎಂದು ಪಕ್ಕದವರ ಮುಂದೆ ಚಾಚುತ್ತಿದ್ದಾರೆ. ಪಿಂಚಣಿ ಬಂದಿದೆಯೇ ಎಂದು ತಿಳಿಯುವುದಕ್ಕೆ ಒಬ್ಬರು, ಗ್ಯಾಸ್ ಸಿಲಿಂಡರಿಗೆ ಹೇಳುವುದಕ್ಕೆ ಇನ್ನೊಬ್ಬರು, ಪಹಣಿಯನ್ನು ನೋಡುವುದಕ್ಕೆ ಮತ್ತೊಬ್ಬರು ಬೇಕು. ತೋರಿಸಿದ ಕಡೆಯಲ್ಲಿ ಬೆರಳನ್ನಿಡುವುದಷ್ಟೇ ತಮ್ಮ ಕೆಲಸ. ಹಿಂದಿನ ಹೆಬ್ಬೆಟ್ಟಿಗೂ ಇದಕ್ಕೂ ಇರುವ ಅಂತರ ಮಸಿಯೊಂದೇ.

ಕನ್ನಡದ ಯಾರೋ ಪುಣ್ಯಾತ್ಮರು ಈ ಯಂತ್ರಕ್ಕೆ ‘ಜಂಗಮವಾಣಿ’ ಎಂಬ ಹೆಸರನ್ನು ಟಂಕಿಸಿದರು. ಒಂದೇ ಕಡೆ ತಂತಿಗೆ ಕಟ್ಟುಬಿದ್ದ ದೂರವಾಣಿಯು ಸ್ಥಿರವಾಣಿಯಾಯಿತು, ನಡೆದಾಡುವವನ ಜೊತೆಗೆ ನಡೆದಾಡುವುದು ಜಂಗಮವಾಣಿಯಾಯಿತು. ಈ ವಿದ್ಯಾಲಯದ ಅಂಗಳದಲ್ಲಿ ಬೆಳೆದವರಿಗೆ ಆ ಶಬ್ದದ ಸೊಗಸನ್ನು ನಾನು ವಿವರಿಸಬೇಕಾಗಿಲ್ಲ. ವಿಷಾದವೆಂದರೆ, ವಾಣಿಯು ಜಂಗಮವಾದರೂ ಅದನ್ನು ಹಿಡಿದ ಹಿರಿಯರು ಸ್ಥಾವರರಾಗಿ ಉಳಿದಿದ್ದಾರೆ. ಅವರನ್ನು ನಡೆಸುವ ಹೊಣೆ ಯಾರದು ಎಂಬುದೇ ಈ ಲೇಖನದ ವಿಚಾರ. ಆ ಹೊಣೆ ಅಂಗಡಿಯವನದಲ್ಲ, ಮೊಮ್ಮಗನದೊಂದೇ ಅಲ್ಲ, ಶಾಲೆಯದು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಇದಕ್ಕೆ ಬರುವ ಮೊದಲನೆಯ ಆಕ್ಷೇಪವನ್ನು ನಾನು ಬಲ್ಲೆ. ‘ಮಕ್ಕಳ ಕೈಯಿಂದ ಮೊಬೈಲನ್ನು ಬಿಡಿಸುವುದಕ್ಕೆ ಹೆಣಗುತ್ತಿರುವ ಶಾಲೆಯೇ ಮುದುಕರ ಕೈಗೆ ಅದನ್ನು ಕೊಡಬೇಕೆ?’ ಎಂದು ಕೆಲವರು ಕೇಳುತ್ತಾರೆ. ಒಂದೇ ಔಷಧವನ್ನು ಒಬ್ಬ ರೋಗಿಗೆ ಕೊಡುವ ವೈದ್ಯ ಇನ್ನೊಬ್ಬನಿಗೆ ತಡೆಯುವುದಿಲ್ಲವೆ? ಮಗುವಿಗೆ ಬೇಕಾದುದು ಸಂಯಮ, ಹಿರಿಯರಿಗೆ ಬೇಕಾದುದು ಪ್ರವೇಶ. ‘ಈ ವಯಸ್ಸಿನಲ್ಲಿ ಅವರಿಗೇಕೆ ಈ ಗೋಜು?’ ಎಂಬುದು ಎರಡನೆಯ ಆಕ್ಷೇಪ. ಈ ಗೋಜನ್ನು ಹಿರಿಯರು ತಾವಾಗಿ ಆರಿಸಿಕೊಳ್ಳಲಿಲ್ಲ. ಬ್ಯಾಂಕೂ ಕಚೇರಿಯೂ ಆಸ್ಪತ್ರೆಯೂ ಅವರ ಮನೆಬಾಗಿಲಿಗೆ ತಂದು ಇಳಿಸಿವೆ. ಅದರಿಂದ ಅನುಕೂಲವೂ ಉಂಟು. ಪಿಂಚಣಿದಾರರು ತಾವು ಜೀವಂತರಾಗಿರುವುದನ್ನು ರುಜುವಾತುಪಡಿಸಲು ಬ್ಯಾಂಕಿನ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ತಪ್ಪಿಸಲೆಂದು ೨೦೧೪ರಲ್ಲಿ ‘ಜೀವನ್ ಪ್ರಮಾಣ್’ ಎಂಬ ವ್ಯವಸ್ಥೆ ಬಂದಿತು. ಅದರಲ್ಲಿಯೂ ವಯಸ್ಸಾದವರ ಸವೆದ ಬೆರಳಗೆರೆಗಳು ಯಂತ್ರಕ್ಕೆ ಸಿಕ್ಕದೆ ತೊಂದರೆಯಾಗುತ್ತಿದ್ದುದರಿಂದ ೨೦೨೧ರಲ್ಲಿ ಮುಖವನ್ನೇ ಗುರುತಿಸುವ ಕ್ರಮವನ್ನು ಸೇರಿಸಿದರು. ಮೊಬೈಲನ್ನು ಬಳಸಬಲ್ಲ ಹಿರಿಯರು ಮನೆಯ ಜಗಲಿಯಲ್ಲಿ ಕುಳಿತೇ ಈ ಕೆಲಸವನ್ನು ಮುಗಿಸಬಹುದು. ಬಾರದವರು ಇನ್ನೂ ಸಾಲಿನಲ್ಲಿ ನಿಂತಿದ್ದಾರೆ.

ಇನ್ನು ಕಲಿಸುವ ಕ್ರಮದ ಮಾತು. ಇಂದು ಮನೆಗಳಲ್ಲಿ ನಡೆಯುತ್ತಿರುವುದನ್ನು ಕಲಿಸುವಿಕೆಯೆಂದು ಕರೆಯಲು ನನಗೆ ಮನಸ್ಸಿಲ್ಲ. ಅಜ್ಜ ಏನನ್ನೋ ಕೇಳುತ್ತಾನೆ; ಮೊಮ್ಮಗ ಯಂತ್ರವನ್ನು ಕಸಿದುಕೊಂಡು, ಕಣ್ಣು ರೆಪ್ಪೆ ಹೊಡೆಯುವುದರೊಳಗೆ ನಾಲ್ಕು ಕಡೆ ಬೆರಳಾಡಿಸಿ, ‘ಇಷ್ಟೇ ತಾತ’ ಎಂದು ಹಿಂದಿರುಗಿಸುತ್ತಾನೆ. ಅಜ್ಜನಿಗೆ ಕೆಲಸವಾಯಿತು, ವಿದ್ಯೆಯಾಗಲಿಲ್ಲ. ಮಾಡಿಕೊಡುವುದು ಉಪಕಾರವೇ ಹೌದು, ಆದರೆ ಅದು ಬೋಧನೆಯಲ್ಲ. ಶಿಷ್ಯನ ಬಳಪವನ್ನು ಗುರುವೇ ಹಿಡಿದು ಸ್ಲೇಟು ತುಂಬಿಸಿದರೆ ಶಿಷ್ಯನಿಗೆ ಅಕ್ಷರ ಬಂದೀತೆ? ವರ್ಣಮಾಲೆ, ಕಾಗುಣಿತ, ಒತ್ತಕ್ಷರ, ಪದ, ವಾಕ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಪದ್ಧತಿ ನಮ್ಮದು. ಈ ಹೊಸ ವಿದ್ಯೆಗೂ ಅದೇ ಪದ್ಧತಿ ಸಲ್ಲುತ್ತದೆ.

ಇದರ ವರ್ಣಮಾಲೆಯೆಂದರೆ ಸ್ಪರ್ಶ. ಮುಟ್ಟಿ ಬಿಡುವುದು, ಒತ್ತಿ ಹಿಡಿಯುವುದು, ಸರಿಸುವುದು, ಎರಡು ಬೆರಳುಗಳಿಂದ ಹಿಗ್ಗಿಸುವುದು ಇವು ನಾಲ್ಕೇ ಮೂಲಾಕ್ಷರಗಳು. ಹಿರಿಯರು ಬಹುಮಟ್ಟಿಗೆ ಸೋಲುವುದು ಇಲ್ಲಿಯೇ. ಸೋಲುವುದಕ್ಕೆ ಕಾರಣ ಬುದ್ಧಿಮಾಂದ್ಯವಲ್ಲ, ಹಳೆಯ ಅಭ್ಯಾಸ. ಹಳೆಯ ಫೋನಿನ ಗುಂಡಿ ಬಲದಿಂದ ಒತ್ತಿದರೆ ಕೆಲಸ ಮಾಡುತ್ತಿತ್ತು. ಈ ಗಾಜು ಬಲವನ್ನು ನೋಡುವುದಿಲ್ಲ. ಬೆರಳಿನ ಚರ್ಮ ತಗುಲಿದಾಗ ತನ್ನೊಳಗಿನ ವಿದ್ಯುತ್ತಿನಲ್ಲಾಗುವ ಅತ್ಯಲ್ಪ ವ್ಯತ್ಯಾಸವನ್ನು ನೋಡುತ್ತದೆ. ಆದುದರಿಂದ ಉಗುರು ತಾಗಿಸಿದರೆ ಅದು ಕದಲುವುದಿಲ್ಲ. ಮಣ್ಣಿನ ಕೆಲಸದಿಂದ ಒರಟಾಗಿ ಒಣಗಿದ ಬೆರಳನ್ನು ಕೆಲವೊಮ್ಮೆ ಗುರುತಿಸುವುದಿಲ್ಲ. ಗಟ್ಟಿಯಾಗಿ ಅದುಮಿದಾಗ ‘ಒತ್ತಿ ಹಿಡಿದ’ರೆಂದು ಭಾವಿಸಿ ಬೇರೆ ಏನನ್ನೋ ತೆರೆಯುತ್ತದೆ. ‘ನಾನು ಮುಟ್ಟಿದರೆ ಕೆಟ್ಟೇ ಹೋಗುತ್ತದೆ’ ಎಂದು ಹಿರಿಯರು ಅದನ್ನು ಕೆಳಗಿಡುವುದು ಆಗಲೇ. ಬೆರಳನ್ನು ಒರೆಸಿಕೊಂಡು, ಬೆರಳ ತುದಿಯ ಮೆತ್ತನೆಯ ಭಾಗದಿಂದ ಹೂವನ್ನು ಮುಟ್ಟುವಷ್ಟು ಹಗುರವಾಗಿ ಮುಟ್ಟಿ ಬಿಡುವುದನ್ನು ಕಲಿಸಲು ಒಂದು ಇಡೀ ದಿನ ಹಿಡಿದರೂ ಅದು ವ್ಯರ್ಥವಲ್ಲ. ದಾರಿ ತಪ್ಪಿದಾಗ ಮೊದಲ ಪುಟಕ್ಕೆ ಮರಳುವ ಬಗೆಯನ್ನೂ ಅಂದೇ ಹೇಳಿಕೊಡಬೇಕು. ಹಿಂದಿರುಗುವ ದಾರಿ ತಿಳಿದವನಿಗೆ ಮುಂದೆ ಹೋಗುವ ಭಯವಿರುವುದಿಲ್ಲ.

ಎರಡನೆಯ ಮೆಟ್ಟಿಲು ಭಾಷೆ. ಅಂಗಡಿಯಿಂದ ತಂದ ಫೋನನ್ನು ಇಂಗ್ಲಿಷಿನಲ್ಲಿಯೇ ಬಿಟ್ಟು, ಅಕ್ಷರ ಚಿಕ್ಕದೆಂದು ಕಣ್ಣು ಕಿರಿದುಮಾಡಿ ನೋಡುವ ಹಿರಿಯರು ಎಷ್ಟೋ ಮಂದಿ. ಆಂಡ್ರಾಯ್ಡ್ ಫೋನುಗಳಲ್ಲಿ ೨೦೧೪ರ ಆವೃತ್ತಿಯಿಂದೀಚೆಗೆ ಕನ್ನಡವಿದೆ; ಸೆಟ್ಟಿಂಗ್ಸ್‌ನಲ್ಲಿ ಭಾಷೆಯನ್ನು ಬದಲಿಸಿ, ಅಕ್ಷರದ ಗಾತ್ರವನ್ನು ಹಿಗ್ಗಿಸಿಕೊಟ್ಟರೆ ಅರ್ಧ ಭಯ ಅಲ್ಲಿಯೇ ಅಳಿಯುತ್ತದೆ. ಇಲ್ಲಿ ಕನ್ನಡ ಪಂಡಿತನಾದ ನಾನೇ ಒಂದು ಮಾತನ್ನು ಹೇಳಬೇಕು. ಪಾಠ ಹೇಳುವಾಗ ಸಂಸ್ಕೃತ ಸಮಾಸಗಳ ಹೊಸ ಪದಗಳನ್ನು ಕಟ್ಟಿ ಹಿರಿಯರ ಮೇಲೆ ಹೇರಬಾರದು. ಮಿಸ್ಡ್ ಕಾಲ್, ರೀಚಾರ್ಜ್, ಓಟಿಪಿ ಎಂದು ಜನರ ನಾಲಗೆಯಲ್ಲಿ ನೆಲೆಯಾದುದನ್ನು ಹಾಗೆಯೇ ಹೇಳುವುದು ಲೇಸು. ಅನುಮತಿ ಕೇಳುವ ‘ಅಲೋ’, ನಿರಾಕರಿಸುವ ‘ಡಿನೈ’ ಮೊದಲಾದ ಹತ್ತು ಹನ್ನೆರಡು ಇಂಗ್ಲಿಷ್ ಪದಗಳನ್ನು ಕಪ್ಪು ಹಲಗೆಯ ಮೇಲೆ ಬರೆದು, ಅವುಗಳ ಆಕಾರವನ್ನು ಕಣ್ಣಿಗೆ ರೂಢಿ ಮಾಡಿಸಿದರೆ ಸಾಕು.

ಮೂರನೆಯದು ಬರವಣಿಗೆ. ವ್ಯಾಕರಣವನ್ನು ಓದಿದವರಿಗೆ ಇಲ್ಲಿ ಒಂದು ಸಂತೋಷ ಕಾದಿದೆ. ಕೇಶಿರಾಜನಂಥ ವೈಯಾಕರಣರು ವ್ಯಂಜನ ಸ್ವರಗಳ ಸಂಯೋಗವನ್ನು ವಿಚಾರಿಸಿದ ರೀತಿಯೇ ಈ ಯಂತ್ರದ ರೀತಿ. ‘ಅಕ್ಕ’ ಎಂದು ಬರೆಯಲು ‘ಅ’, ‘ಕ’, ಸ್ವರವನ್ನು ಕಳೆಯುವ ಚಿಹ್ನೆ, ಮತ್ತೆ ‘ಕ’ ಎಂದು ಕ್ರಮವಾಗಿ ಮುಟ್ಟಬೇಕು. ‘ಕರ್ಣ’ ಎಂಬುದನ್ನು ಕೈಯಲ್ಲಿ ಬರೆಯುವಾಗ ‘ಣ’ಕಾರದ ನಂತರ ಅರ್ಕಾವೊತ್ತನ್ನು ಇಡುತ್ತೇವೆ, ಯಂತ್ರವಾದರೋ ಬಾಯಿ ನುಡಿಯುವ ಕ್ರಮದಲ್ಲಿ ರೇಫವನ್ನು ಮೊದಲು ಕೇಳುತ್ತದೆ. ಈ ಒಂದು ಸೂಕ್ಷ್ಮವನ್ನು ಹೇಳದೆ ಬಿಟ್ಟುದರಿಂದಲೇ ಒಳ್ಳೆಯ ಕನ್ನಡವನ್ನು ಬಲ್ಲ ಹಿರಿಯರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ದುರವಸ್ಥೆಗೆ ಇಳಿದಿದ್ದಾರೆ. ೧೯೯೧ರಲ್ಲಿ ಬಂದ ಯೂನಿಕೋಡಿನಲ್ಲಿ ನಮ್ಮ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆ ದೊರೆತಿದೆ. ಬೀದರಿನಲ್ಲಿ ಬರೆದುದು ಚಾಮರಾಜನಗರದಲ್ಲಿಯೂ ಅಮೆರಿಕದಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ. ಇಷ್ಟು ಸೌಲಭ್ಯವಿದ್ದೂ ನಮ್ಮ ಲಿಪಿಯನ್ನು ನಾವು ಬಿಡುವುದು ತರವಲ್ಲ. ಬೆರಳು ನಡುಗುವವರು ಬಾಯಲ್ಲಿ ನುಡಿದು ಬರೆಯಿಸಬಹುದು.

ಕಡೆಯ ಮೆಟ್ಟಿಲು ಹಣದ ವ್ಯವಹಾರ. ಹಿರಿಯರಿಗೆ ದೊಡ್ಡ ಗಂಡಾಂತರವಿರುವುದೂ ಇಲ್ಲಿಯೇ. ೨೦೧೬ರಲ್ಲಿ ಬಂದ ಯುಪಿಐ ಇಂದು ತರಕಾರಿ ಮಾರುವವಳ ತಳ್ಳುಗಾಡಿಯವರೆಗೂ ತಲುಪಿದೆ. ಅದರ ಜೊತೆಯಲ್ಲಿಯೇ ಕಳ್ಳತನವೂ ವೇಷ ಮರೆಸಿಕೊಂಡು ಬಂದಿತು. ಕಳ್ಳನು ಈಗ ಗೋಡೆಗೆ ಕನ್ನ ಕೊರೆಯುವುದಿಲ್ಲ, ಮನಸ್ಸಿಗೆ ಕೊರೆಯುತ್ತಾನೆ. ಆಸೆಯನ್ನಾದರೂ ಅಂಜಿಕೆಯನ್ನಾದರೂ ಹುಟ್ಟಿಸಿ, ಯೋಚಿಸಲು ಬಿಡುವು ಕೊಡದೆ ಅವಸರಪಡಿಸುತ್ತಾನೆ. ಆದಕಾರಣ ಮಗ್ಗಿಯಂತೆ ಬಾಯಿಪಾಠ ಮಾಡಿಸಬೇಕಾದ ಐದು ಸಂಗತಿಗಳಿವೆ. ಹಣ ಕೊಡುವುದಕ್ಕೂ ಖಾತೆಯ ಶಿಲ್ಕು ನೋಡುವುದಕ್ಕೂ ಪಿನ್ ಬೇಕಾಗಬಹುದು, ಹಣ ಪಡೆಯುವುದಕ್ಕೆ ಎಂದಿಗೂ ಬೇಡ. ‘ಹಣ ಬರುತ್ತದೆ, ಪಿನ್ ಒತ್ತಿ’ ಎಂದವನು ಕಳ್ಳ. ಓಟಿಪಿಯನ್ನು ಫೋನಿನಲ್ಲಿ ಕೇಳಿದವನು ಬ್ಯಾಂಕಿನವನೆಂದು ಹೇಳಿಕೊಂಡರೂ ಕೊಡಲಾಗದು. ವಾಟ್ಸಾಪಿನಲ್ಲಿ ಮದುವೆಯ ಕರೆಯೋಲೆಯೆಂದು ಬಂದುದರ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಕರೆಯೋಲೆಯಲ್ಲ, ಫೋನಿನೊಳಗೆ ನುಗ್ಗುವ ತಂತ್ರಾಂಶ, ತೆರೆಯಬಾರದು. ಪೊಲೀಸ್ ವೇಷದಲ್ಲಿ ತೆರೆಯ ಮೇಲೆ ಕಾಣಿಸಿಕೊಂಡು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಎನ್ನುವವನನ್ನು ನಂಬಬಾರದು. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಹಣ ಹೋಯಿತೆಂದು ತಿಳಿದ ಕೂಡಲೇ ನಾಚಿಕೆಪಡದೆ ೧೯೩೦ ಎಂಬ ಸಂಖ್ಯೆಗೆ ಕರೆ ಮಾಡಬೇಕು. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿಹೋಗುತ್ತದೆ. ಈ ನಾಚಿಕೆಯೇ ಕಳ್ಳನ ದೊಡ್ಡ ಸಹಾಯಕ. ಮೋಸಹೋದ ಹಿರಿಯರನ್ನು ಮನೆಯವರು ಹಂಗಿಸಿದರೆ ಅವರು ಮುಂದಿನ ಸಲ ಬಾಯಿಬಿಡುವುದಿಲ್ಲ. ಜೀವಮಾನದ ಉಳಿತಾಯ ಮೌನದಲ್ಲಿಯೇ ಕರಗಿಹೋಗುತ್ತದೆ.

ಈ ಪಾಠವನ್ನು ಕಲಿಯಲು ಶಾಲೆಯೇ ಏಕೆ ಬೇಕೆಂದರೆ, ಇಲ್ಲಿ ಕೇಳಿದ್ದನ್ನೇ ಮರಳಿ ಕೇಳಿದರೂ ಅಪಮಾನವಿಲ್ಲ. ಅಂಗಡಿಯವನಿಗೆ ಮುಂದಿನ ಗಿರಾಕಿಯ ಅವಸರ, ಮಗನಿಗೆ ಕೆಲಸದ ಅವಸರ. ಅವಸರವಿಲ್ಲದೆ ಕೂರುವ ಜಾಗ ಪಾಠಶಾಲೆಯೊಂದೇ. ಆದುದರಿಂದ ನಮ್ಮ ವಿದ್ಯಾಲಯದಲ್ಲಿ ವಾರಕ್ಕೆರಡು ಸಂಜೆ ಹಿರಿಯರಿಗಾಗಿ ತರಗತಿಯನ್ನು ತೆರೆಯಬೇಕೆಂದು ಆಡಳಿತ ಮಂಡಳಿಯವರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಪ್ರೌಢಶಾಲೆಯ ವಿದ್ಯಾರ್ಥಿಗಳೇ ಸಹಾಯಕರಾಗಲಿ. ಒಬ್ಬ ಹಿರಿಯರ ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿ ಕೂರಲಿ. ಆದರೆ ಒಂದು ಕಟ್ಟಳೆಯಿರಲಿ: ವಿದ್ಯಾರ್ಥಿ ಕೈಕಟ್ಟಿ ಕುಳಿತು ಬಾಯಲ್ಲಿ ಮಾತ್ರ ಹೇಳಬೇಕು, ಬೆರಳು ಹಿರಿಯರದೇ ಆಗಿರಬೇಕು. ಇದರಿಂದ ಹಿರಿಯರಿಗೆ ವಿದ್ಯೆಯೂ ಕಿರಿಯರಿಗೆ ತಾಳ್ಮೆಯೂ ದೊರೆಯುತ್ತದೆ. ಎರಡನೆಯ ಲಾಭ ಮೊದಲನೆಯದಕ್ಕಿಂತ ಚಿಕ್ಕದೆಂದು ನಾನು ಭಾವಿಸುವುದಿಲ್ಲ. ಹಣದ ಪಾಠವನ್ನು ಮಾತ್ರ ಉಪಾಧ್ಯಾಯರೇ ಹೇಳಬೇಕು. ಯಾರ ಪಿನ್ನನ್ನೂ ಮಕ್ಕಳು ಕೇಳಬಾರದು, ಹಿರಿಯರು ಹೇಳಲೂಬಾರದು. ಕಲಿತುದನ್ನು ಪ್ರತಿಯೊಬ್ಬರೂ ತಮ್ಮ ಕೈಬರಹದಲ್ಲಿ ಒಂದು ನೋಟುಪುಸ್ತಕಕ್ಕೆ ಬರೆದುಕೊಳ್ಳಲಿ, ಪಿನ್ನನ್ನು ಮಾತ್ರ ಅದರಲ್ಲಿ ಬರೆಯದಿರಲಿ.

ಇದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ, ಹೆಚ್ಚು ದ್ರವ್ಯವೂ ಬೇಕಾಗಿಲ್ಲ. ಸಂಜೆ ಖಾಲಿ ಬೀಳುವ ಒಂದು ಕೊಠಡಿ, ಒಂದು ಹಲಗೆ, ದೊಡ್ಡ ಅಕ್ಷರದಲ್ಲಿ ಅಚ್ಚುಮಾಡಿದ ಒಂದು ಕಿರುಹೊತ್ತಗೆ, ಅಭ್ಯಾಸಕ್ಕೆ ಹತ್ತು ಹಳೆಯ ಫೋನುಗಳು ಸಾಕು. ಹಳೆಯ ವಿದ್ಯಾರ್ಥಿಗಳು ಹೊಸದನ್ನು ಕೊಂಡಾಗ ಹಳೆಯದರಲ್ಲಿರುವ ಸ್ವಂತ ವಿವರಗಳನ್ನೆಲ್ಲ ಅಳಿಸಿ, ಸಿಮ್ ತೆಗೆದು, ಶಾಲೆಗೆ ಕೊಡಬಹುದು. ತಯಾರಕರು ಸುರಕ್ಷತೆಯ ಪರಿಷ್ಕರಣವನ್ನು ನಿಲ್ಲಿಸಿದ ಫೋನುಗಳು ಬೆರಳಿನ ಅಭ್ಯಾಸಕ್ಕೆ ಆಗುತ್ತವೆ, ಬ್ಯಾಂಕಿನ ವ್ಯವಹಾರಕ್ಕೆ ಆಗುವುದಿಲ್ಲ ಎಂಬ ಎಚ್ಚರವಿದ್ದರೆ ಸಾಕು. ದಾನಿಗಳು ಕಿರುಹೊತ್ತಗೆಯ ಅಚ್ಚಿನ ವೆಚ್ಚವನ್ನು ವಹಿಸಿಕೊಳ್ಳಬಹುದು. ಇದು ಗೋಡೆಯ ಮೇಲೆ ಶಿಲಾಫಲಕವಾಗಿ ಕಾಣುವ ದಾನವಲ್ಲ. ತನ್ನ ಪಿಂಚಣಿಯ ಸಂದೇಶವನ್ನು ತಾನೇ ಓದಿಕೊಂಡ ತಾಯಿಯ ಕಣ್ಣಿನಲ್ಲಿ ಕಾಣುವ ದಾನ.

ಅಕ್ಷರದಾನವನ್ನು ದಾನಗಳಲ್ಲಿ ದೊಡ್ಡದೆಂದು ನಂಬಿ ನಮ್ಮ ಹಿರಿಯರು ಇಂಥ ವಿದ್ಯಾಸಂಸ್ಥೆಗಳನ್ನು ಕಟ್ಟಿದರು. ಆ ಹಿರಿಯರ ತಲೆಮಾರೇ ಇಂದು ನಮ್ಮ ಮುಂದೆ ಕೈಚಾಚಿ ನಿಂತಿದೆ. ಅವರು ಚಾಚಿದ ಫೋನನ್ನು ನಾವು ಕಸಿದುಕೊಳ್ಳದೆ, ಅವರ ಪಕ್ಕದಲ್ಲಿ ಕುಳಿತು, ಅವರ ಬೆರಳಿನಿಂದಲೇ ಅದನ್ನು ತೆರೆಯಿಸೋಣ. ಬರುವ ವರ್ಷದ ಸಂಚಿಕೆ ಹೊರಬರುವಷ್ಟರಲ್ಲಿ ಈ ಸಂಜೆಯ ತರಗತಿ ಆರಂಭವಾಗಿ, ಅದರ ವಿದ್ಯಾರ್ಥಿಗಳು ತಾವೇ ಮೊಬೈಲಿನಲ್ಲಿ ಕನ್ನಡದಲ್ಲಿ ಬರೆದು ಕಳುಹಿಸಿದ ಒಂದು ಲೇಖನವಾದರೂ ಆ ಸಂಚಿಕೆಯಲ್ಲಿ ಅಚ್ಚಾಗಲಿ ಎಂದು ಹಾರೈಸುತ್ತೇನೆ.