ಬೀದಿಯ ಜಗಳ, ನಾಡಿನ ಶಾಂತಿ

ರಾತ್ರಿ ಹತ್ತು ಹೊಡೆದಿದೆ. ಬೀದಿಯ ದೀಪದ ಕಂಬದಡಿ ಕುಡಿದ ಇಬ್ಬರು ಒಬ್ಬರ ಕೊರಳಪಟ್ಟಿಯನ್ನು ಮತ್ತೊಬ್ಬರು ಹಿಡಿದು ನಿಂತಿದ್ದಾರೆ. ತೊಟ್ಟಿಲ ಕೂಸು ಬೆಚ್ಚಿ ಅಳುತ್ತಿದೆ. ಪರೀಕ್ಷೆಗೆ ಓದುತ್ತಿದ್ದ ಹುಡುಗ ಪುಸ್ತಕ ಮುಚ್ಚಿ ಕಿಟಕಿಗೆ ಬಂದಿದ್ದಾನೆ. ಮನೆಯ ಯಜಮಾನರು ಬಾಗಿಲ ಅಗುಳಿಯನ್ನು ಮತ್ತೊಮ್ಮೆ ಮುಟ್ಟಿ ನೋಡಿ, “ಈ ದೇಶದಲ್ಲಿ ಕಾನೂನು ಎಂಬುದೊಂದು ಇದೆಯೇ?” ಎಂದು ಗೊಣಗುತ್ತಾರೆ.

ಇದೆ, ಬಹು ಹಿಂದಿನಿಂದಲೂ ಇದೆ. ಇಬ್ಬರು ಅಥವಾ ಹೆಚ್ಚು ಜನ ಸಾರ್ವಜನಿಕ ಸ್ಥಳದಲ್ಲಿ ಹೊಡೆದಾಡಿ ಶಾಂತಿಯನ್ನು ಕದಡಿದರೆ ಅದು ಅಪರಾಧವೆಂದು 1860ರ ದಂಡ ಸಂಹಿತೆ ಸಾರಿತು. ಬರಿಯ ಬೈಗುಳ ಸಾಲದು, ಕೈ ಕೈ ಮಿಲಾಯಿಸಬೇಕು. ನಡುಮನೆಯಲ್ಲಿ ನಡೆದರೆ ಸಾಲದು, ಬೀದಿಗೆ ಬರಬೇಕು. ಮನೆಯೊಳಗಿನ ಹೊಡೆತ ಬಡಿತಕ್ಕೆ ಬೇರೆ ಕಲಮುಗಳುಂಟು. ಬೀದಿಯ ಹೊಡೆದಾಟಕ್ಕೆ ಹೆಚ್ಚೆಂದರೆ ಒಂದು ತಿಂಗಳ ಸೆರೆ, ಇಲ್ಲವೆ ನೂರು ರೂಪಾಯಿ ಜುಲ್ಮಾನೆ, ಅಥವಾ ಎರಡೂ. ಕುಡಿದು ಬೀದಿಯಲ್ಲಿ ಇತರರಿಗೆ ಕಿರುಕುಳ ಕೊಟ್ಟವನಿಗೆ ಇಪ್ಪತ್ತನಾಲ್ಕು ಗಂಟೆಗಳ ಸೆರೆ, ಇಲ್ಲವೆ ಹತ್ತು ರೂಪಾಯಿ ಜುಲ್ಮಾನೆ, ಅಥವಾ ಎರಡೂ. ರೂಪಾಯಿಯ ಬೆಲೆ ಎಷ್ಟು ಕುಸಿದರೂ ಈ ಹತ್ತು ರೂಪಾಯಿ ಮಾತ್ರ ಅಲುಗಲಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಎರಡು ಜುಲ್ಮಾನೆಗಳನ್ನೂ ಸಾವಿರಕ್ಕೆ ಏರಿಸಿತು. ಕುಡುಕನಿಗೆ ಸೆರೆಯ ಬದಲು ಸಮಾಜಸೇವೆಯನ್ನು ವಿಧಿಸುವ ಅವಕಾಶವನ್ನೂ ಕಲ್ಪಿಸಿತು.

ಇಷ್ಟು ಸಣ್ಣ ಶಿಕ್ಷೆಯೇ ಎಂದು ಯಜಮಾನರಿಗೆ ಅನ್ನಿಸುವುದು ಸಹಜ. ‘ಇಂಥವರನ್ನು ವರ್ಷಗಟ್ಟಲೆ ಒಳಗೆ ಹಾಕಬೇಕು’ ಎಂಬ ಮಾತು ಅವರ ನಾಲಗೆಯ ತುದಿಯಲ್ಲಿದೆ. ಹಾಗೆ ಒಳಗೆ ಹಾಕುವ ಕಾಯಿದೆಗಳೂ ಇಲ್ಲದಿಲ್ಲ. 1980ರ ರಾಷ್ಟ್ರೀಯ ಭದ್ರತಾ ಕಾಯಿದೆಯಲ್ಲಿ, ‘ಗೂಂಡಾ ಕಾಯಿದೆ’ ಎಂದೇ ಹೆಸರಾದ ಕರ್ನಾಟಕದ 1985ರ ಕಾಯಿದೆಯಲ್ಲಿ, ವಿಚಾರಣೆಯಿಲ್ಲದೆ ಹನ್ನೆರಡು ತಿಂಗಳವರೆಗೆ ಮನುಷ್ಯನನ್ನು ಬಂಧನದಲ್ಲಿಡಲು ಸಾಧ್ಯ. ಅವನು ಮಾಡಿದ್ದಕ್ಕಲ್ಲ, ಮುಂದೆ ಮಾಡಬಹುದಾದುದಕ್ಕೆ. ಆದರೆ ಅದಕ್ಕೆ ಬೀದಿಯ ಗದ್ದಲ ಸಾಲದು. ‘ಸಾರ್ವಜನಿಕ ಸುವ್ಯವಸ್ಥೆ’ಗೇ ಧಕ್ಕೆಯೊದಗುವಂತಿರಬೇಕು. ಇವೆರಡರ ನಡುವಿನ ಗೆರೆ ಎಲ್ಲಿದೆ?

ಆ ಗೆರೆಯನ್ನು ಎಳೆಸಿದವರು ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ. 1965ರ ಆಗಸ್ಟಿನಲ್ಲಿ ಪಾಟ್ನಾದ ಜಿಲ್ಲಾ ಮ್ಯಾಜಿಸ್ಟ್ರೇಟರು ಭಾರತ ರಕ್ಷಣಾ ನಿಯಮಗಳ ಮೇರೆಗೆ ಅವರನ್ನು ಬಂಧನದಲ್ಲಿಟ್ಟರು. ಆಗ ದೇಶದಲ್ಲಿ ತುರ್ತುಪರಿಸ್ಥಿತಿ. ಅಂಥ ಬಂಧನವನ್ನು ಪ್ರಶ್ನಿಸುವ ಹಕ್ಕಿಗೂ ಬೀಗ ಬಿದ್ದಿತ್ತು. ಆದರೂ ಲೋಹಿಯಾ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಆಜ್ಞೆಯಲ್ಲಿ ಕೊಟ್ಟ ಕಾರಣಗಳಲ್ಲೊಂದು ‘ಕಾನೂನು ಮತ್ತು ಸುವ್ಯವಸ್ಥೆ’ಯ ರಕ್ಷಣೆ, ನಿಯಮದಲ್ಲಿದ್ದುದು ‘ಸಾರ್ವಜನಿಕ ಸುವ್ಯವಸ್ಥೆ’. ಮಾತು ಬೇರೆಯಾದರೂ ಅರ್ಥ ಒಂದೇ ಎಂದು ಸರ್ಕಾರ ವಾದಿಸಿತು. ನ್ಯಾಯಾಲಯ ಒಪ್ಪಲಿಲ್ಲ. ವಿಚಾರಣೆಯಿಲ್ಲದೆ ಒಬ್ಬನ ಸ್ವಾತಂತ್ರ್ಯವನ್ನು ಕಸಿಯುವಾಗ ನಿಯಮದ ಮಾತನ್ನು ಚಾಚೂ ತಪ್ಪದೆ ಪಾಲಿಸಲೇಬೇಕೆಂದು ಹೇಳಿ, ಸೆಪ್ಟೆಂಬರಿನಲ್ಲಿ ಅವರನ್ನು ಬಿಡುಗಡೆ ಮಾಡಿಸಿತು.

ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಒಂದು ಚಿತ್ರವನ್ನು ಕಣ್ಣ ಮುಂದಿಟ್ಟರು. ಒಂದರೊಳಗೊಂದು ಮೂರು ವೃತ್ತಗಳು: ಹೊರಗಿನ ದೊಡ್ಡದು ಕಾನೂನು ಮತ್ತು ಸುವ್ಯವಸ್ಥೆ, ಅದರೊಳಗಿನದು ಸಾರ್ವಜನಿಕ ಸುವ್ಯವಸ್ಥೆ, ನಡುವಿನ ಪುಟ್ಟ ವೃತ್ತ ರಾಷ್ಟ್ರದ ಭದ್ರತೆ. ಹೊರ ವೃತ್ತವನ್ನು ತಾಗಿದ್ದೆಲ್ಲ ಒಳ ವೃತ್ತವನ್ನು ತಾಗಿತೆಂದು ತಿಳಿಯಲಾಗದು. ಇದನ್ನು ಬಿಡಿಸಿ ಹೇಳಲು ಅವರು ಕರೆತಂದದ್ದು ಬೇರೆ ಯಾರನ್ನೂ ಅಲ್ಲ, ಇಬ್ಬರು ಕುಡುಕರನ್ನೇ! ಅವರು ಬಡಿದಾಡಿದರೆ ಅವ್ಯವಸ್ಥೆ ಉಂಟು, ಸಾರ್ವಜನಿಕ ಅವ್ಯವಸ್ಥೆ ಇಲ್ಲ. ಸಾಮಾನ್ಯ ಕಾನೂನಿನಿಂದ ಅವರನ್ನು ಹದ್ದಿನಲ್ಲಿಡಬಹುದು, ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ವಿಚಾರಣೆಯಿಲ್ಲದ ಬಂಧನದಲ್ಲಿಡಲಾಗದು. ಆದರೆ ಅವರು ಎರಡು ಕೋಮಿನವರಾಗಿದ್ದು, ಒಬ್ಬನು ಕೋಮುದ್ವೇಷವನ್ನು ಕೆರಳಿಸತೊಡಗಿದರೆ, ಸಾರ್ವಜನಿಕ ಅವ್ಯವಸ್ಥೆಯ ಭಯ ಅಲ್ಲಿ ತಲೆಯೆತ್ತುತ್ತದೆ.

1970ರ ಅರುಣ್ ಘೋಷ್ ಮೊಕದ್ದಮೆಯಲ್ಲಿ ಹಿದಾಯತುಲ್ಲಾ ಅವರೇ ಇದನ್ನು ಇನ್ನಷ್ಟು ತಿಳಿಯಾಗಿಸಿದರು. ಕೃತ್ಯ ಯಾವುದೆಂಬುದಕ್ಕಿಂತ ಅದರ ಪರಿಣಾಮ ಎಷ್ಟು ದೂರ ಹಬ್ಬಿತೆಂಬುದು ಮುಖ್ಯ. ನೊಂದವನು ಒಬ್ಬನೇ, ಇಲ್ಲವೆ ಊರಿನ ಬಾಳಿನ ಸಮಗತಿಯೇ ಕೆಟ್ಟಿತೆ?

ಕೊಳದಲ್ಲಿ ಕಲ್ಲು ಬಿದ್ದರೆ ಅಲೆ ಏಳುತ್ತದೆ. ಅಲೆ ಎದ್ದಿತೆಂದು ಯಾರೂ ಕಟ್ಟೆ ಒಡೆಯಿತೆಂದು ಕೂಗುವುದಿಲ್ಲ. ಬೀದಿಯ ಗದ್ದಲಕ್ಕೆಲ್ಲ ನಾಡಿನ ಶಾಂತಿಯ ಹೆಸರಿಟ್ಟರೆ, ನಾಳೆ ಸಭೆ ಕೂಡಿಸುವವನಿಗೂ ಕರ ಹೆಚ್ಚಾಯಿತೆಂದು ದನಿಯೆತ್ತುವವನಿಗೂ ಅದೇ ಹೆಸರು ಅಂಟುತ್ತದೆ. ಆ ಸಾಲಿನಲ್ಲಿ ಯಜಮಾನರ ಮಗನೇ ನಿಂತಿರಬಹುದು.

ಅಷ್ಟರಲ್ಲಿ ಪೊಲೀಸಿನವನ ಸೀಟಿ ಕೇಳಿಸುತ್ತದೆ. ಕುಡುಕರಿಬ್ಬರೂ ಠಾಣೆಯ ಹಾದಿ ಹಿಡಿಯುತ್ತಾರೆ. ತೊಟ್ಟಿಲು ಮತ್ತೆ ತೂಗುತ್ತದೆ, ಹುಡುಗ ಪುಸ್ತಕ ತೆರೆಯುತ್ತಾನೆ. ಆ ಬೀದಿಗೆ ಅಂದು ಬೇಕಾಗಿದ್ದ ಕಾನೂನು ಅಷ್ಟೇ.