ಮರಳಿ ಬರುವ ಮಾತು

ಗಾಯಾಳುವನ್ನು ಛತ್ರಕ್ಕೆ ಒಯ್ದ ಸಮಾರಿಯದವನ ಕಥೆಯನ್ನು ನಾವೆಲ್ಲರೂ ಬಲ್ಲೆವು. ಅದರ ಕೊನೆಯನ್ನು ಗಮನಿಸುವವರು ವಿರಳ. ಆತ ಗಾಯಕ್ಕೆ ಎಣ್ಣೆ ಹಚ್ಚಿ ಹೊರಟುಹೋಗಲಿಲ್ಲ. ಛತ್ರದವನಿಗೆ ಹಣವಿತ್ತು, ಆರೈಕೆಯನ್ನು ಒಪ್ಪಿಸಿ, ಮರಳಿ ಬರುವೆನೆಂದು ಮಾತು ಕೊಟ್ಟ. ಮನೋರೋಗಿಗಳ ವಿಷಯದಲ್ಲಿ ನಾವು ಮರೆತಿರುವುದು ಆ ಮಾತನ್ನೇ.

ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರದು, ಇಲ್ಲದ ದನಿಗಳು ಕೇಳಿಸುತ್ತವೆ, 'ನಾನು ಎಲ್ಲರಿಗೂ ಹೊರೆ' ಎಂಬ ಮಾತು ಬರುತ್ತದೆ. ಇದನ್ನು ನಾವು ಮೊದಲು ಸೋಮಾರಿತನವೆನ್ನುತ್ತೇವೆ, ಬಳಿಕ ವಿಶ್ವಾಸದ ಕೊರತೆಯೆನ್ನುತ್ತೇವೆ, ಕೊನೆಗೆ ದೆವ್ವದ ಕಾಟವೆನ್ನುತ್ತೇವೆ. ಆಸ್ಪತ್ರೆಗೆ ಒಯ್ದರೂ ತುಸು ಚೇತರಿಸಿದೊಡನೆ ಮಾತ್ರೆ ನಿಲ್ಲಿಸುತ್ತೇವೆ. ರೋಗ ಮರುಕಳಿಸಿದರೆ ವೈದ್ಯರನ್ನು ದೂರುತ್ತೇವೆ. ಧ್ಯಾನಕೂಟದಿಂದ ಬಂದವರು ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಬಿಸಾಡುವರೇ? ಮನಸ್ಸಿನ ಗುಳಿಗೆಯ ಮೇಲೆ ಮಾತ್ರ ಈ ಅಪನಂಬಿಕೆ ಏಕೆ? ಪ್ರಾರ್ಥನೆ ಔಷಧದ ಶತ್ರುವಲ್ಲ.

'ಪದೇ ಪದೇ ಬೆಂಗಳೂರಿಗೆ ಹೋಗಲಾದೀತೇ?' ಎಂಬ ನೆಪವೂ ಇಂದು ನಿಲ್ಲದು. ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಮದ್ದೂರು, ಮಳವಳ್ಳಿಯಂಥ ತಾಲ್ಲೂಕು ಆಸ್ಪತ್ರೆಗಳಿಗೆಂದೇ ಸರ್ಕಾರ ಮಂಗಳವಾರದ 'ಮನೋಚೈತನ್ಯ' ಚಿಕಿತ್ಸೆಯನ್ನು ರೂಪಿಸಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.

2015ರಲ್ಲಿ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ನಮ್ಮ ಜಿಲ್ಲೆಯನ್ನು ನಡುಗಿಸಿದವು. ಅಂದು ಸಾಲದ ಲೆಕ್ಕ ಕೇಳಿದೆವು. ನಿದ್ದೆಗೆಟ್ಟ ರಾತ್ರಿಗಳ ಲೆಕ್ಕ ಕೇಳಿದವರೆಷ್ಟು ಮಂದಿ? ಇಂದಿಗೂ ಸತ್ತವರ ಮನೆಯ ಮುಂದೆ ಪಾಪದ ಮಾತೆತ್ತುವವರಿದ್ದಾರೆ. ತೀವ್ರ ಮಾನಸಿಕ ವ್ಯಥೆ ಅಂಥವರ ಹೊಣೆಯನ್ನು ತಗ್ಗಿಸುತ್ತದೆ ಎಂದು ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರಿಗೆ ಆರೈಕೆ ಒದಗಿಸುವ ಕರ್ತವ್ಯವನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ಸರ್ಕಾರದ ಮೇಲೆ ಹೊರಿಸಿದೆ. ಕಾನೂನಿಗಿರುವ ಕರುಣೆ ನಮ್ಮ ನಾಲಿಗೆಗೆ ಬೇಡವೇ?

ಮಾಡಬೇಕಾದುದು ದೊಡ್ಡದೇನಲ್ಲ. ಸಾಯುವ ಮಾತಾಡುವವರನ್ನು ಒಂಟಿಯಾಗಿ ಬಿಡಬೇಡಿ. ಆ ಮಾತನ್ನು ನೇರವಾಗಿ ಕೇಳಿ, ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟದು. ಕೀಟನಾಶಕದ ಡಬ್ಬಿಯನ್ನು ಮನೆಯಿಂದ ದೂರವಿಡಿ. ಆಸ್ಪತ್ರೆಯಿಂದ ಮರಳಿದವರ ಮನೆಗೆ ಅದೇ ವಾರ ಹೋಗಿ. ವೈದ್ಯರ ಮಾತಿಲ್ಲದೆ ಮಾತ್ರೆ ನಿಲ್ಲದಂತೆ ನೋಡಿಕೊಳ್ಳಿ. ಕುಟುಂಬದ ಗುಟ್ಟನ್ನು ಗುಟ್ಟಾಗಿಯೇ ಉಳಿಸಿ.

ಭಾನುವಾರದ ಬಲಿಪೂಜೆಯಲ್ಲಿ ರೋಗಿಗಳಿಗಾಗಿ ಪ್ರಾರ್ಥಿಸುವ ನಮ್ಮಲ್ಲಿ, ಮಂಗಳವಾರ ಅವರೊಡನೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವರು ಯಾರು?